ಹರಳೆಣ್ಣೆ ಹಚ್ಚಿದ ಗೋಧಿ

ಹೊಸ ಫ್ರಿಜ್ಜಿಗೆ ಜಾಗ ಸಾಲುವುದಿಲ್ಲ, ಅಡುಗೆಮನೆಯ ಮೂಲೆಯಲ್ಲಿರುವ, ಕಾಳು ತುಂಬಿಡುವ ಎರಡು ತಗಡಿನ ಕೋಠಿಗಳಲ್ಲಿ ಒಂದನ್ನಾದರೂ ಗುಜರಿಗೆ ಕೊಡೋಣ ಎಂದು ನೀವಿಬ್ಬರೂ ಮೊನ್ನೆ ಹೇಳಿದಿರಿ. ನಾನು ಬೇಡ ಎಂದೆ. ಯಾಕೆ ಎಂದು ಕೇಳಿದಾಗ ಎದ್ದು ಒಳಗೆ ಹೋದೆ. ನಿಮಗೆ ಅಜ್ಜಿಗೆ ಸಿಟ್ಟು ಬಂತು ಅನಿಸಿರಬೇಕು. ಸಿಟ್ಟಲ್ಲ. ನನಗೆ ಎದುರು ನಿಂತು ವಿವರಿಸಿ ಹೇಳುವುದು ಮೊದಲಿನಿಂದಲೂ ಬರುವುದಿಲ್ಲ. ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುವುದು ಅದಕ್ಕಿಂತ ಸುಲಭ. ಓದಲು ನಿಮಗೆ ಕಷ್ಟವಾದರೆ ನಿಮ್ಮ ಅಪ್ಪ ಓದಿ ಹೇಳಲಿ.

ನಾವು ಹೋಟೆಲಿನವರು. ನಿಮ್ಮ ಅಜ್ಜ ಉಡುಪಿ ಕಡೆಯಿಂದ ಎಳೆಯ ವಯಸ್ಸಿನಲ್ಲೇ ವಡೋದರಾಕ್ಕೆ ಬಂದು, ಲೋಟ ತೊಳೆದು, ದೋಸೆ ಹುಯ್ದು, ಕೊನೆಗೆ ಸ್ವಂತ ಹೋಟೆಲು ಇಟ್ಟವರು. ಮದುವೆಯಾಗಿ ನಾನು ಇಲ್ಲಿಗೆ ಬಂದಾಗ ನನ್ನ ಅಮ್ಮ ಒಂದು ರುಬ್ಬುವ ಕಲ್ಲನ್ನು ರೈಲಿನಲ್ಲಿ ಹಾಕಿಸಿ ಕಳಿಸಿದ್ದರು. ಸ್ಟೇಷನ್ನಿನಲ್ಲಿ ಅದನ್ನು ಇಳಿಸುವಾಗ ನಿಮ್ಮ ಅಜ್ಜ ಕೂಲಿಯ ಎದುರೇ ನಕ್ಕಿದ್ದರು. "ಇದೆಂತಕ್ಕೆ ಮಾರಾಯ್ತಿ? ದಿನಾ ನೂರಾರು ಜನಕ್ಕೆ ಬಡಿಸುವವನ ಹೆಂಡತಿ ನೀನು. ಮನೆಯಲ್ಲಿ ಕೂತು ಕಲ್ಲು ತಿರುಗಿಸುದಾ?"

ಅವರು ಹೇಳಿದ ಹಾಗೆಯೇ ಆಯಿತು. ಎರಡು ಹೊತ್ತೂ ಹೋಟೆಲಿನಿಂದ ಕ್ಯಾರಿಯರ್ ಬರುತ್ತಿತ್ತು. ಅನ್ನ, ಸಾರು, ಪಲ್ಯ, ಬೆಳಿಗ್ಗೆ ಇಡ್ಲಿ, ಹಬ್ಬದ ದಿನ ಪಾಯಸವೂ. ನಾನು ಮನೆಯಲ್ಲಿ ಒಲೆ ಹಚ್ಚುತ್ತಿದ್ದುದು ಹಾಲು ಕಾಯಿಸಲು ಮತ್ತು ಕಾಫಿಗೆ. ನಮ್ಮ ಕಡೆಯ ಬೇರೆ ಹೋಟೆಲಿನವರ ಮನೆಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಅದರಲ್ಲಿ ಒಂದು ಹೆಮ್ಮೆಯೂ ಇತ್ತು. ರುಬ್ಬುವ ಕಲ್ಲು ಬಾಲ್ಕನಿ ಸೇರಿತು. ಅದರ ಮೇಲೆ ತುಳಸಿ ಕುಂಡ ಕೂತಿತು. ಕಲ್ಲಿನ ಗುಂಡು ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಡಲು ಉಪಯೋಗಕ್ಕೆ ಬಂತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೋಟೆಲು ನಿಮ್ಮ ಅಪ್ಪನ ಕೈಗೆ ಬಂತು, ಕ್ಯಾರಿಯರ್ ಮಾತ್ರ ನಿಲ್ಲಲಿಲ್ಲ.

ಹೋಟೆಲಿಗೆ ಸಾಮಾನು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದವಳಲ್ಲ. ಆದರೂ ನಿಮ್ಮ ಅಪ್ಪ ಊಟಕ್ಕೆ ಕೂತಾಗ ಫೋನಿನಲ್ಲಿ ಆಡುವ ಮಾತು ಕಿವಿಗೆ ಬೀಳುತ್ತಿತ್ತು. "ಬರ್ಮಾ ಉದ್ದು ಬಂತಾ? ಹಡಗು ಇನ್ನೂ ಮುಟ್ಟಲಿಲ್ವಾ?" ಎನ್ನುತ್ತಿದ್ದ. ಎಣ್ಣೆ ಮಲೇಷ್ಯಾದ ಪಾಮೋಲಿನ್, ಟಿನ್ನಿನಲ್ಲಿ. ಕಡಲೆಹಿಟ್ಟಿಗೆ ಕೆನಡಾದ ಬಟಾಣಿ ಬೆರೆಸಿಯೇ ಬರುತ್ತದೆ, ಯಾರಿಂದಲೂ ತಡೆಯಲಾಗುವುದಿಲ್ಲ ಎಂದೂ ಒಮ್ಮೆ ಹೇಳಿದ್ದ. ಅಂಗಳದಲ್ಲಿ ಉದ್ದು ಬಡಿದು ತೂರುತ್ತಿದ್ದ ಮನೆಯಿಂದ ಬಂದವಳು ನಾನು. ನನ್ನ ತಟ್ಟೆಯ ಇಡ್ಲಿ ಸಮುದ್ರ ದಾಟಿ ಬಂದಿದೆ ಎಂದು ಕೇಳಿದಾಗ ಅದನ್ನು ಬೆರಳಲ್ಲಿ ಒತ್ತಿ ನೋಡಿದೆ. ಆಮೇಲೆ ಮರೆತೆ. ಇಡ್ಲಿ ಮೆತ್ತಗಿತ್ತು.

ನಮ್ಮ ಕೆಳಗಿನ ಮನೆಯಲ್ಲಿ ಬಾ ಇದ್ದರು. ಗುಜರಾತಿಯಲ್ಲಿ ಅಮ್ಮನಿಗೂ ಮನೆಯ ಹಿರಿಯಳಿಗೂ ಬಾ ಎನ್ನುತ್ತಾರೆ. ನಮ್ಮ ಇಡೀ ಹೌಸಿಂಗ್ ಸೊಸೈಟಿಗೆ ಅವರು ಬಾ. ನನ್ನ ಹಾಗೆಯೇ ಗಂಡ ಇಲ್ಲದವರು, ಮಗ ಸೊಸೆಯೊಡನೆ ಇದ್ದವರು. ಪ್ರತಿ ಬೇಸಿಗೆಯಲ್ಲಿ ಭಾಲ್ ಸೀಮೆಯ ಒಬ್ಬ ರೈತ ಟೆಂಪೋದಲ್ಲಿ ಅವರಿಗೆ ವರ್ಷದ ಗೋಧಿ ತಂದು ಇಳಿಸುತ್ತಿದ್ದ. ಬಾ ಅಂಗಳದಲ್ಲಿ ಹಾಸು ಹಾಸಿ, ಕಾಲು ಚಾಚಿ ಕೂತು, ಗೋಧಿಯನ್ನು ಆರಿಸಿ ಏನೋ ಮಾಡಿ ದೊಡ್ಡ ಕೋಠಿಗೆ ತುಂಬುತ್ತಿದ್ದರು. ನಾನು ಮೇಲಿನ ಬಾಲ್ಕನಿಯಿಂದ ನೋಡುತ್ತಿದ್ದೆ. ಅವರು ತಲೆಯೆತ್ತಿ ನಕ್ಕರೆ ನಾನೂ ನಕ್ಕು ಒಳಗೆ ಸರಿಯುತ್ತಿದ್ದೆ. ಅಷ್ಟು ವರ್ಷಗಳಲ್ಲಿ ನಮ್ಮ ನಡುವೆ ಇದ್ದ ಬಳಕೆ ಅಷ್ಟೇ. ನನಗೆ ಗುಜರಾತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಒಂದು ವರ್ಷ ಮಳೆಗಾಲದಲ್ಲಿ ನಿಮ್ಮ ಅಮ್ಮ ಸೂರತ್ತಿಗೆ ಹೋಗಿದ್ದಳು, ಅವಳ ತಾಯಿ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದರು. ದೊಡ್ಡವಳೇ, ನೀನು ಆಗಷ್ಟೇ ಶಾಲೆಗೆ ಸೇರಿದ್ದೆ. ನಿನ್ನ ತಮ್ಮನಿಗೆ ಇನ್ನೂ ಹಾಲಿನ ಬಾಟಲಿ ಬಿಟ್ಟಿರಲಿಲ್ಲ. ಮಳೆ ಹಿಡಿದದ್ದು ಬಿಡಲೇ ಇಲ್ಲ. ನದಿ ಉಕ್ಕಿತು, ಸೇತುವೆ ಮುಚ್ಚಿದರು. ಹೋಟೆಲು ನದಿಯ ಆಚೆ, ಮನೆ ಈಚೆ. ನಿಮ್ಮ ಅಪ್ಪ ಆಚೆಯೇ ಉಳಿದ. ಫೋನ್ ಮಾಡಿ, "ಅಮ್ಮ, ನೀನು ಹೆದರ್ಬೇಡ. ನೀರು ಇಳಿದ ಕೂಡಲೇ ಕ್ಯಾರಿಯರ್ ಕಳಿಸ್ತೇನೆ" ಎಂದ. ಹಾಗೆ ಹೇಳುತ್ತಿದ್ದಾಗಲೇ ಫೋನು ಸತ್ತಿತು. ಕರೆಂಟು ಮೊದಲೇ ಹೋಗಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲು ದಬದಬ ಬಡಿದರು. ತೆರೆದರೆ ಬಾ ಅವರ ಮಗ, ಮೊಣಕಾಲಿನವರೆಗೆ ಒದ್ದೆ, ಹೆಗಲ ಮೇಲೆ ಮೂಟೆ. ಹಿಂದೆ ವಾಚ್‌ಮನ್, ಅವನ ಹೆಗಲ ಮೇಲೂ ಮೂಟೆ. ಅವರ ಮನೆಗೆ ನೀರು ನುಗ್ಗಿತ್ತು. "ಮಾಸಿ, ಸ್ವಲ್ಪ ಜಾಗ" ಎಂದು ಅವನು ಉತ್ತರಕ್ಕೂ ಕಾಯದೆ ಒಳಗೆ ಬಂದ. ಅಡುಗೆಮನೆ ನೋಡಿ ಬಾಗಿಲಲ್ಲೇ ನಿಂತ. ಖಾಲಿ ನೆಲ, ಖಾಲಿ ಕಟ್ಟೆ, ಖಾಲಿ ಕಪಾಟು. ತಾಯಿಯನ್ನು ಕೂಗಿ ಖುಷಿಯಿಂದ, "ಬಾ, ಇವರ ಅಡುಗೆಮನೇಲಿ ಮೈದಾನದಷ್ಟು ಜಾಗ ಇದೆ!" ಎಂದ.

ಹಾಗೆ ಬಾ ಅವರ ಕೋಠಿಯಿಂದ ಮೂಟೆಗಿಳಿದ ವರ್ಷದ ಗೋಧಿಯೆಲ್ಲ ನನ್ನ ಅಡುಗೆಮನೆಯೊಳಗೆ ಬಂತು. ಕೊನೆಯಲ್ಲಿ ಖಾಕ್ರದ, ಅಂದರೆ ಗರಿಗರಿಯಾದ ಒಣ ರೊಟ್ಟಿಯ, ಒಂದು ಡಬ್ಬ ಎದೆಗೊತ್ತಿಕೊಂಡು ಬಾ ಬಂದರು. ಮಗ ಗರ್ಭಿಣಿ ಹೆಂಡತಿಯನ್ನು ನೀರು ಇನ್ನೂ ಏರುವ ಮೊದಲು ತವರಿಗೆ ಮುಟ್ಟಿಸಬೇಕಿತ್ತು. "ನೀನೂ ಹೊರಡು" ಎಂದು ತಾಯಿಯನ್ನು ಕರೆದ, ಬೇಡಿಕೊಂಡ, ರೇಗಿದ.

"ಗೋಧಿ ಬಿಟ್ಟು ನಾನು ಎಲ್ಲಿಗೂ ಬರಲ್ಲ" ಎಂದರು ಬಾ. "ನೀನು ಹೋಗು. ನಾನು ಇದರ ಜೊತೆ ಇರ್ತೀನಿ."

"ಇದರ ಜೊತೆ" ಎಂದರು, "ಇವರ ಜೊತೆ" ಎನ್ನಲಿಲ್ಲ. ನನಗೆ ಅದು ಚುಚ್ಚಿತು. ನನ್ನ ಮನೆಯಲ್ಲಿ ಅವರ ಗೋಧಿಗೆ ಕಾವಲು ಬೇಕು ಎಂದ ಹಾಗೆ ಕೇಳಿಸಿತು.

ಎದುರಿನ ಮನೆಯವರು ಮದುವೆಗೆಂದು ರಾಜ್‌ಕೋಟ್‌ಗೆ ಹೋಗಿದ್ದರು, ಬಾಗಿಲಿಗೆ ಬೀಗ ಹಾಕಿತ್ತು. ಕೆಳಗಿನ ಇನ್ನೊಂದು ಮನೆಯಲ್ಲಿ ಟ್ಯೂಷನ್ ಕ್ಲಾಸು, ಅಲ್ಲಿ ಯಾರೂ ಇರಲಿಲ್ಲ. ನಮ್ಮ ಮೆಟ್ಟಿಲಿನ ನಾಲ್ಕು ಮನೆಗಳಲ್ಲಿ ಉಳಿದವರು ನಾನು, ಬಾ, ನೀವಿಬ್ಬರು. ಕೆಳಗೆ ಕಂದು ಬಣ್ಣದ ನೀರು ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ನದಿಯಲ್ಲಿ ಮೊಸಳೆಗಳಿವೆ ಎಂಬುದು ಈ ಊರಿನ ಎಲ್ಲರಿಗೂ ಗೊತ್ತು. ಆದ್ದರಿಂದ ಯಾರೂ ಇಳಿಯುವ ಮಾತಿರಲಿಲ್ಲ.

ಆಗ ನನ್ನ ಮನೆಯಲ್ಲಿ ಏನೇನಿತ್ತು ಎಂದರೆ, ಒಂದು ಪ್ಯಾಕೆಟ್ ಹಾಲು, ಕಾಫಿಪುಡಿ, ಸಕ್ಕರೆ, ಊರಿನಿಂದ ಬಂದ ಹಲಸಿನ ಹಪ್ಪಳ, ಉಪ್ಪಿನಕಾಯಿ, ದೇವರ ಮುಂದೆ ಒಂದು ತೆಂಗಿನಕಾಯಿ. ಗ್ಯಾಸ್ ಇತ್ತು. ಬೇಯಿಸಲು ಏನೂ ಇರಲಿಲ್ಲ. ನೂರಾರು ಜನಕ್ಕೆ ಬಡಿಸುವವರ ಮನೆ.

ಮನೆಗೆ ಬಂದವರಿಗೆ ಊಟ ಹಾಕಬೇಕಾದವಳು ನಾನು. ಬಾ ನಡುಮನೆಯಲ್ಲಿ ಗೋಡೆಗೊರಗಿ ಕೂತು ಜಪಮಾಲೆ ಹಿಡಿದಿದ್ದರು. ನಾನು ಒಳಗೂ ಹೊರಗೂ ಓಡಾಡುತ್ತಿದ್ದೆ, ಪಾತ್ರೆ ಸದ್ದು ಮಾಡುತ್ತಿದ್ದೆ, ಏನೋ ಬೇಯುತ್ತಿದೆ ಎಂದು ಅನಿಸಲಿ ಎಂದು. ಸಂಜೆ ಹಾಲಿಲ್ಲದ ಕಾಫಿ ಕೊಟ್ಟೆ. ಬಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. "ಬೆನ್, ಇದು ಕಷಾಯವಾ?" ಎಂದರು. ಇಲ್ಲಿ ಅಕ್ಕತಂಗಿಯರನ್ನು ಬೆನ್ ಎಂದು ಕರೆಯುತ್ತಾರೆ. ಆಮೇಲೆ ಖಾಕ್ರದ ಡಬ್ಬ ನಿಮ್ಮ ಮುಂದೆ ಇಟ್ಟು, "ಮಕ್ಕಳು ತಿನ್ನಲಿ. ನನಗೆ ಇವತ್ತು ಉಪವಾಸ" ಎಂದರು. ನನಗೆ ಎದೆಯ ಭಾರ ಇಳಿದಂತಾಯಿತು. ನೀವು ಕುಟುಕುಟು ತಿಂದು ಮುಗಿಸಿದಿರಿ.

ಮಾರನೆಯ ದಿನ ನೀರು ಇಳಿಯಲಿಲ್ಲ. ಕ್ಯಾರಿಯರ್ ಬರಲಿಲ್ಲ. ಹಪ್ಪಳಗಳನ್ನು ಬೆಂಕಿಯಲ್ಲಿ ಸುಟ್ಟು ಕೊಟ್ಟೆ. ಬಾ ಮುಂದೆ ಇಟ್ಟರೆ, "ಇವತ್ತೂ ಉಪವಾಸ" ಎಂದರು. ಈ ಜನ ಎಷ್ಟು ಉಪವಾಸ ಮಾಡುತ್ತಾರಪ್ಪ ಎಂದುಕೊಂಡೆ. ಹಾಲು ಮುಗಿದಿತ್ತು. ಸಣ್ಣವನೇ, ನಿನ್ನ ಬಾಟಲಿಗೆ ಸಕ್ಕರೆ ನೀರು ತುಂಬಿಸಿದೆ. ನೀನು ಒಮ್ಮೆ ಚೀಪಿ, ಬಾಟಲಿ ತೆಗೆದು ನೋಡಿ, ನನ್ನ ಮುಖಕ್ಕೆ ಎಸೆದೆ. ಮಧ್ಯಾಹ್ನದ ಹೊತ್ತಿಗೆ ಅಳುವುದನ್ನೂ ನಿಲ್ಲಿಸಿದೆ. ಅತ್ತಾಗ ಇದ್ದ ಭಯಕ್ಕಿಂತ ಅಳು ನಿಂತಾಗ ಆದ ಭಯ ದೊಡ್ಡದು. ಹಣೆ ಮುಟ್ಟಿ ನೋಡುತ್ತಿದ್ದೆ, ಪಾದ ಮುಟ್ಟಿ ನೋಡುತ್ತಿದ್ದೆ.

ಅಡುಗೆಮನೆಯಲ್ಲಿ ಗೋಧಿ ಇತ್ತು. ಆಳೆತ್ತರ ಇತ್ತು. ಮೂಟೆಗೆ ಕೈ ಹಾಕಿದರೆ ಒಂದು ಸೇರು ಹೋದದ್ದು ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಹೇಳಿತು. ಆದರೆ ಅದನ್ನು ಮುಟ್ಟಲು ನನಗೆ ಬೇರೊಂದು ಹೆದರಿಕೆ ಇತ್ತು. ಮೂಟೆಗಳು ಒಳಗೆ ಬಂದ ಗಳಿಗೆಯಿಂದ ಅಡುಗೆಮನೆಯೆಲ್ಲ ಹರಳೆಣ್ಣೆಯ ವಾಸನೆ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ, ಎಣ್ಣೆ. ನಾವು ಚಿಕ್ಕವರಿದ್ದಾಗ ವರ್ಷಕ್ಕೊಮ್ಮೆ ನನ್ನ ಅಜ್ಜಿ ಮೂಗು ಹಿಡಿದು ಬಾಯಿಗೆ ಹರಳೆಣ್ಣೆ ಸುರಿಯುತ್ತಿದ್ದರು, ಹೊಟ್ಟೆ ತೊಳೆಯಲು. ಆ ದಿನವೆಲ್ಲ ಹಿತ್ತಿಲಿಗೆ ಓಡುವುದೇ ಕೆಲಸ. ಇದು ತಿನ್ನುವ ಗೋಧಿಯಲ್ಲ, ಯಾವುದೋ ಔಷಧಿಗೋ ಬಿತ್ತನೆಗೋ ಇಟ್ಟದ್ದು ಎಂದುಕೊಂಡೆ. ಖಾಲಿ ಹೊಟ್ಟೆಯ ಮಗುವಿಗೆ ಇದನ್ನು ತಿನ್ನಿಸಿ ಭೇದಿ ಹಿಡಿದರೆ? ಡಾಕ್ಟರು ಎಲ್ಲಿ, ದಾರಿ ಎಲ್ಲಿ? ಕಾಳನ್ನು ಮತ್ತೆ ಮೂಟೆಗೇ ಹಾಕಿ ಕೈ ತೊಳೆದೆ. ಹೊರಗೆ ಬಂದರೆ ಬಾ ನನ್ನ ಕೈಯನ್ನೇ ನೋಡುತ್ತಿದ್ದರು.

ಮೂರನೆಯ ಬೆಳಿಗ್ಗೆ, ದೊಡ್ಡವಳೇ, ನೀನು ಎದ್ದವಳೇ ನೇರವಾಗಿ ಬಾ ಹತ್ತಿರ ಹೋಗಿ ಕೂತೆ. ನಿನಗೆ ಕನ್ನಡಕ್ಕಿಂತ ಗುಜರಾತಿ ಚೆನ್ನಾಗಿ ಬರುತ್ತಿತ್ತು. "ಬಾ, ಅಮಾರಾ ಘರ್‌ಮಾ ಖಾವಾನು ಕಂಈ ನಥೀ" ಎಂದೆ. ನಮ್ಮ ಮನೆಯಲ್ಲಿ ತಿನ್ನಲು ಏನೂ ಇಲ್ಲ ಎಂದು, ಮಳೆ ಬರುತ್ತಿದೆ ಎನ್ನುವಷ್ಟೇ ಸಲೀಸಾಗಿ. "ಅಜ್ಜಿ ಸುಮ್ಮನೆ ಪಾತ್ರೆ ಸದ್ದು ಮಾಡ್ತಾಳೆ" ಎಂದೂ ಸೇರಿಸಿದೆ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ.

ಬಾ ಜಪಮಾಲೆ ಕೆಳಗಿಟ್ಟರು. ಎದ್ದು ಬಂದು ನನ್ನ ಕಪಾಟುಗಳನ್ನು ಒಂದೊಂದಾಗಿ ತೆರೆದರು. ಸಕ್ಕರೆ ಡಬ್ಬ ಅಲ್ಲಾಡಿಸಿ ನೋಡಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಎರಡು ದಿನದಿಂದ ನಾನು ಸುಳ್ಳು ಉಪವಾಸ ಮಾಡ್ತಾ ಇದ್ದೀನಿ, ಬೆನ್! ನಿಮ್ಮ ಕಷ್ಟ ನೋಡಿ. ನೀವು ಗೋಧಿ ಪಕ್ಕದಲ್ಲೇ ನಿಂತುಕೊಂಡು ಯಾಕೆ ಕೇಳಲಿಲ್ಲ?"

ನನಗೆ ಗೊತ್ತಿದ್ದ ಹಿಂದಿಯನ್ನೂ ಗುಜರಾತಿಯನ್ನೂ ಜೋಡಿಸಿ, "ನೀವು ಯಾಕೆ ಕೊಡಲಿಲ್ಲ?" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

"ಅರೇ! ನಿಮ್ಮ ಮನೆಯಲ್ಲಿ ಕೂತು, ನಿಮಗೇ ಗೋಧಿ ತಗೊಳ್ಳಿ ಅನ್ನೋದಾ? ನಿಮ್ಮ ಮನೇಲಿ ಏನೂ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗಲ್ವಾ?"

ನಾನು ಮೂಟೆ ತೋರಿಸಿ, ಮೂಗು ಹಿಡಿದು, ಹೊಟ್ಟೆ ಮುಟ್ಟಿ, ಬಚ್ಚಲ ಕಡೆಗೆ ಬೆರಳು ಮಾಡಿದೆ. ಬಾ ಅರ್ಥವಾಗದೆ ನಿನ್ನ ಮುಖ ನೋಡಿದರು. ನೀನು ವಿವರಿಸಿದೆ. ಬಾ ನಕ್ಕು ನಕ್ಕು ನೆಲಕ್ಕೇ ಕೂತರು. ಹುಳ ಹಿಡಿಯದಂತೆ ಇಲ್ಲಿಯವರು ಗೋಧಿಗೆ ಹರಳೆಣ್ಣೆ ಸವರಿ ಇಡುತ್ತಾರೆ, ವರ್ಷವಿಡೀ ಅದನ್ನೇ ಉಣ್ಣುತ್ತಾರೆ ಎಂದು ನನಗೆ ತಿಳಿದದ್ದು ಆಗಲೇ. ಅಂಗಳದಲ್ಲಿ ಕೂತು ಬಾ ಮಾಡುತ್ತಿದ್ದುದು ಇದೇ. "ಇದನ್ನು ತಿಂದೇ ನನ್ನ ಮಗ ಗೂಳಿ ಹಾಗೆ ಬೆಳೆದ" ಎಂದರು. ಆದರೆ ತಕ್ಷಣ ಅವರ ಮುಖ ಬಾಡಿತು. "ಹಿಟ್ಟು ಮಾಡೋದು ಹೇಗೆ? ನನ್ನ ಮನೆಯ ಬೀಸೋ ಮಿಷನ್ ನೀರಲ್ಲಿದೆ. ಇದ್ದರೂ ಕರೆಂಟಿಲ್ಲ."

ನಾನು ಬಾಲ್ಕನಿಗೆ ಹೋಗಿ ತುಳಸಿ ಕುಂಡವನ್ನು ಎತ್ತಿ ಕೆಳಗಿಟ್ಟೆ. ಅದರಡಿಯ ಕಲ್ಲಿಗೆ ಪಾಚಿ ಹಿಡಿದಿತ್ತು. ಮಳೆನೀರು ಹಿಡಿದು ತಿಕ್ಕಿ ತೊಳೆದೆ. ಬಾಗಿಲಿಗೆ ಒತ್ತಿಟ್ಟಿದ್ದ ಗುಂಡನ್ನು ತಂದು ಕುಳಿಯಲ್ಲಿಟ್ಟೆ. ಸರಿಯಾಗಿ ಕೂತಿತು. ಗೋಧಿಯನ್ನು ಬಾ ಬಟ್ಟೆಯಲ್ಲಿ ಒರೆಸಿ ಕೊಟ್ಟರು, ನಾನು ಬಿಸಿನೀರಿನಲ್ಲಿ ತೊಳೆದು ನೆನೆಹಾಕಿದೆ. ಮಧ್ಯಾಹ್ನದ ಮೇಲೆ ರುಬ್ಬಲು ಕೂತೆ. ಹಿಟ್ಟು ಒಣಗಿಯೇ ಇರಬೇಕು ಎಂದು ನಂಬಿದ್ದ ಬಾ, ಒದ್ದೆ ಗೋಧಿ ಬೆಳ್ಳಗೆ ನುಣ್ಣಗೆ ಆಗುವುದನ್ನು ಎದುರಿಗೆ ಕೂತು ನೋಡಿದರು. ನಡುವೆ ನನ್ನ ತೋಳು ಸೋತಾಗ ತಾವೇ ಗುಂಡು ಹಿಡಿದರು, ಹಿಂದುಮುಂದಾಗಿ ತಿರುಗಿಸಿ ಹಿಟ್ಟನ್ನೆಲ್ಲ ಸೀರೆಗೆ ಚಿಮ್ಮಿಸಿಕೊಂಡರು.

ಕಾವಲಿ ಇಟ್ಟು ಎಣ್ಣೆ ತೆಗೆದೆ. ಮನೆಯಲ್ಲಿದ್ದುದು ಒಂದೇ ಎಣ್ಣೆ, ಊರಿನ ಗಾಣದ ತೆಂಗಿನೆಣ್ಣೆ, ತಲೆಗೆ ಹಚ್ಚಿಕೊಳ್ಳುವ ಬಾಟಲಿಯಲ್ಲಿ. ಬಾ ಹಾರಿಬಿದ್ದರು. "ಬೆನ್! ಅದು ತಲೆಗೆ!"

"ತಲೆಗೂ ಆಗ್ತದೆ, ಹೊಟ್ಟೆಗೂ ಆಗ್ತದೆ ಅಂತ ಹೇಳು" ಎಂದು ನಿನಗೆ ಹೇಳಿದೆ. ನೀನು ಹೇಳಿದೆ. ಬಾ ಗಲ್ಲಕ್ಕೆ ಕೈಯಿಟ್ಟು, "ನನ್ನ ಗೋಧಿಗೆ ಮೂಗು ಮುಚ್ಚಿಕೊಂಡವಳು ನೀನೇನಾ!" ಎಂದರು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ಆ ಹೊತ್ತಿನಿಂದ ನನ್ನನ್ನು ನೀನು ಎಂದರು.

ಮೊದಲ ದೋಸೆಯನ್ನು ತಣಿಸಿ, ಸಣ್ಣದಾಗಿ ಚೂರು ಮಾಡಿ, ತೆಂಗಿನಕಾಯಿ ತುರಿದು ಹಿಂಡಿದ ಹಾಲಿನಲ್ಲಿ ಅದ್ದಿ, ಸಣ್ಣವನೇ, ನಿನ್ನ ಬಾಯಿಗಿಟ್ಟೆ. ನೀನು ಉಗಿಯಲಿಲ್ಲ. ನುಂಗಿ ಬಾಯಿ ತೆರೆದೆ. ನಾನು ಮಾತ್ರ ಆ ದೋಸೆ ತಿನ್ನದೆ ನಿನ್ನ ಹೊಟ್ಟೆಯನ್ನೇ ನೋಡುತ್ತಾ ಕೂತಿದ್ದೆ. ನೀನು ನಿದ್ದೆ ಹೋಗಿ, ಎದ್ದು, ಇನ್ನೊಂದು ಕೇಳಿದ ಮೇಲೆಯೇ ನಾನು ತಟ್ಟೆ ಎಳೆದುಕೊಂಡದ್ದು. ಬಾ ಆ ಹೊತ್ತಿಗೆ ಉಪವಾಸ ಮುರಿದು ಎಷ್ಟು ತಿಂದರು ಎಂದು ನಾನು ಹೇಳುವುದಿಲ್ಲ.

ನೀರು ಇಳಿದ ಮೇಲೆ ನಿಮ್ಮ ಅಪ್ಪ ಬಂದ. ಕೆಸರಿನಲ್ಲಿ ಅದ್ದಿ ತೆಗೆದ ಹಾಗಿದ್ದ. ನಿಮ್ಮಿಬ್ಬರನ್ನೂ ಅಪ್ಪಿಕೊಂಡ. ಹೋಟೆಲಿನ ಗೋದಾಮು ನೆಲಮಾಳಿಗೆಯಲ್ಲಿತ್ತು. ಉದ್ದಿನ ಮೂಟೆಗಳು ಉಬ್ಬಿ ಹೊಲಿಗೆ ಬಿಚ್ಚಿಕೊಂಡು ನಾರುತ್ತಿದ್ದವು, ಪಾಮೋಲಿನ್ ಟಿನ್ನುಗಳು ರಸ್ತೆಯಲ್ಲಿ ತೇಲಿಹೋಗಿದ್ದವು ಎಂದ. "ಪರವಾಗಿಲ್ಲ ಅಮ್ಮ. ಬಂದರಿನಿಂದ ಲಾರಿ ಬಿಟ್ರೆ ನಾಲ್ಕು ದಿನದಲ್ಲಿ ಶುರು ಮಾಡ್ಬಹುದು. ಹಡಗು ನಿಂತಿದೆ ಅಂತೆ."

"ಹಡಗು ಬಾರದಿದ್ರೆ?" ಎಂದು ಕೇಳಿದೆ.

"ಬರ್ತದೆ. ಬಾರದೆ ಎಲ್ಲಿಗೆ ಹೋಗ್ತದೆ?"

"ಅವರ ಊರಲ್ಲೇ ಉದ್ದಾಗದಿದ್ರೆ? ಅವರು ಕೊಡುದಿಲ್ಲ ಅಂದ್ರೆ?"

ನಿಮ್ಮ ಅಪ್ಪ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಪ್ಯಾಂಟಿನ ಕೆಸರು ಕೆರೆಯತೊಡಗಿದ. ಅದನ್ನು ಕಂಡು ನನಗೆ ನೀರಿನ ದಿನಗಳಲ್ಲಿ ಆಗದಷ್ಟು ದಿಗಿಲಾಯಿತು. ಅಷ್ಟು ಜನರಿಗೆ ದಿನಾ ಬಡಿಸುವವನು, ತನ್ನ ಮಕ್ಕಳ ಮುಂದಿನ ಇಡ್ಲಿ ಯಾರ ಕೈಯಲ್ಲಿದೆ ಎಂದು ಅರಿಯದೆ ಕೂತಿದ್ದಾನೆ. "ನನಗೊಂದು ಕೋಠಿ ತಂದುಕೊಡು" ಎಂದೆ. ಅವನಿಂದ ನಾನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ತಂದುಕೊಟ್ಟ.

ಮುಂದಿನ ಬೇಸಿಗೆಯಿಂದ ಭಾಲ್‌ನ ರೈತ ನಮಗೂ ಗೋಧಿ ಇಳಿಸಿದ. ಬಾ ಮತ್ತು ನಾನು ಅಂಗಳದಲ್ಲಿ ಎದುರುಬದುರು ಕೂತು ಎಣ್ಣೆ ಸವರುತ್ತಿದ್ದೆವು. ಅಲ್ಲಿ ಗೋಧಿಗೆ ನೀರು ಹಾಯಿಸುವುದಿಲ್ಲವಂತೆ. ಮಳೆ ಬಿಟ್ಟುಹೋದ ತೇವದಲ್ಲೇ ಬೆಳೆಯುತ್ತದೆ. ಬೀಜವನ್ನು ಆ ರೈತ ತನ್ನ ಮನೆಯ ಗೋಧಿಯಿಂದಲೇ ತೆಗೆದಿಡುತ್ತಿದ್ದ. ಹಾಗೆ ಕೆಲವು ವರ್ಷ ನಡೆಯಿತು. ಆಮೇಲೆ ಮುಖ್ಯರಸ್ತೆಯಲ್ಲಿ ಗಾಜಿನ ದೊಡ್ಡ ಅಂಗಡಿ ಬಂತು, ಹಿಟ್ಟು ಪ್ಯಾಕೆಟ್ಟಿನಲ್ಲಿ ಬಂತು. ಬಾ ಅವರ ಸೊಸೆಗೆ ಕಾಲು ಚಾಚಿ ಗೋಧಿ ಆರಿಸಲು ಪುರುಸೊತ್ತಿರಲಿಲ್ಲ, ಅದರಲ್ಲಿ ಅವಳ ತಪ್ಪೂ ಇಲ್ಲ. ರೈತ ತರುವ ಮೂಟೆ ವರ್ಷ ವರ್ಷ ಕಡಿಮೆಯಾಯಿತು. ಅರ್ಧ ಹೊಲಕ್ಕೆ ಹತ್ತಿ ಹಾಕಿದ್ದೇನೆ ಎಂದ. ಕಳೆದ ಸಲ ಬಂದಾಗ, ಯಾವುದೋ ಕಂಪನಿಯವರು ಊರಿನ ಜಮೀನಿಗೆಲ್ಲ ಅಳತೆಯ ಗೂಟ ಹೊಡೆದು ಹೋಗಿದ್ದಾರೆ ಎಂದು ಹೇಳಿ, ಚಹಾ ಪೂರ್ತಿ ಕುಡಿಯದೆ ಎದ್ದ.

ಬಾ ಅವರ ಮಗನಿಗೆ ಅಹಮದಾಬಾದಿನಲ್ಲಿ ಕೆಲಸವಾಗಿ, ಅವರು ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿಗೆ ಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿಯ ಅಡುಗೆಮನೆಯಲ್ಲಿ ಕೋಠಿಗೆ ಜಾಗವಿರಲಿಲ್ಲ. ಹೊರಡುವ ದಿನ ಬಾ ಅದನ್ನು ಮೇಲೆ ಹೊರಿಸಿ ತಂದರು. "ನಿನ್ನ ಅಡುಗೆಮನೇಲಿ ಮೈದಾನದಷ್ಟು ಜಾಗ ಇದೆಯಲ್ಲ" ಎಂದರು. ನಗಲು ನೋಡಿದರು, ಆಗಲಿಲ್ಲ. ಆ ಎರಡನೆಯ ಕೋಠಿ ಅದು. ಒಂದನ್ನಾದರೂ ಗುಜರಿಗೆ ಕೊಡೋಣ ಎಂದಾಗ ನೀವು ಕೈ ತೋರಿಸಿದ್ದು ಅದಕ್ಕೇ.

ಈ ವರ್ಷ ಹೋಳಿ ಕಳೆದು ಬಹಳ ದಿನವಾಯಿತು. ಟೆಂಪೋ ಬಂದಿಲ್ಲ. ಬಾ ಫೋನ್ ಮಾಡಿ ಮೊದಲ ಮಾತೇ "ಬಂತಾ?" ಎನ್ನುತ್ತಾರೆ. ಇಲ್ಲ ಎಂದರೆ "ನಾಳೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಾರೆ. ರೈತನ ನಂಬರಿಗೆ ಮಾಡಿದರೆ ಯಾರೂ ಎತ್ತುವುದಿಲ್ಲ. ನಾನು ದಿನಾ ಬೆಳಿಗ್ಗೆ ನಮ್ಮ ಕೋಠಿಯೊಳಗೆ ಕೈ ಇಳಿಸಿ ನೋಡುತ್ತೇನೆ. ಈಗ ಭುಜದವರೆಗೆ ಇಳಿಸಿದರೂ ಕಾಳು ಬೆರಳ ತುದಿಗೆ ಮಾತ್ರ ತಾಗುತ್ತದೆ. ಪ್ಯಾಕೆಟ್ ಹಿಟ್ಟು ತಂದರಾಯಿತು ಎಂದು ನಿಮ್ಮ ಅಮ್ಮ ಹೇಳುವುದು ಸುಳ್ಳಲ್ಲ, ಅಂಗಡಿಯಲ್ಲಿ ರಾಶಿ ಇದೆ. ಕ್ಯಾರಿಯರ್ ಕೂಡ ಒಂದು ದಿನವೂ ತಪ್ಪದೆ ಬರುತ್ತಿತ್ತು, ನಿಲ್ಲುವವರೆಗೆ.

ಬರುವ ಭಾನುವಾರ ಆ ರೈತನ ಊರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ ಎಂದು ಬಾ ಅವರಿಗೆ ಹೇಳಿದ್ದೇನೆ. ಹೊಲ ಇದೆಯೋ ಇಲ್ಲವೋ ತಿಳಿಯದು. ಇದ್ದರೆ, ಈ ಸಲ ಎಷ್ಟು ಬೆಳೆದಿದ್ದಾನೋ ಅಷ್ಟನ್ನು, ಬೀಜಕ್ಕೆ ಬಿಟ್ಟು ಉಳಿದದ್ದನ್ನು, ನಮಗೆ ಕೊಡು ಎಂದು ಕೇಳಬೇಕು. ದೊಡ್ಡವಳೇ, ಒಬ್ಬಳೇ ಹೋಗಲು ನನಗೆ ಅಂಜಿಕೆ. ನೀನೂ ಜೊತೆಗೆ ಬಾ. ಮಾತಾಡುವುದು ನಾನೇ.